ಹದಿನೆಂಟು ಸಾವಿರ ಅತ್ತೆಯರು

ನೀರು ಸರಬರಾಜು ಕಚೇರಿಯ ನೆಲಮಾಳಿಗೆಯಲ್ಲಿ, ಕೆಟ್ಟುಹೋದ ಮೀಟರುಗಳ ರಾಶಿಯ ಪಕ್ಕದ ಕೋಣೆಯಲ್ಲಿ ಕೂತು ಒಬ್ಬ ಮನುಷ್ಯ ನಾಲ್ಕು ಲಕ್ಷ ಜನರನ್ನು ಸಾಕುತ್ತಿದ್ದ. ಊಟ ಬಟ್ಟೆಯ ಖರ್ಚೇನೂ ಇರಲಿಲ್ಲ. ಅಷ್ಟೂ ಜನ ಅವನ ಕಂಪ್ಯೂಟರಿನೊಳಗೆ ಚುಕ್ಕಿಗಳಾಗಿ ಬದುಕಿದ್ದರು. ಬೆಳಗಾದರೆ ಏಳುವುದು, ಹಲ್ಲುಜ್ಜುವುದು, ಮೀಯುವುದು, ಪಾತ್ರೆ ತೊಳೆಯುವುದು, ಬಟ್ಟೆ ಒಗೆಯುವುದು. ಒಬ್ಬೊಬ್ಬರಿಗೆ ಒಂದೊಂದು ಹೊತ್ತು, ಒಂದೊಂದು ಚಾಳಿ. ಇವರೆಲ್ಲ ಸೇರಿ ಯಾವ ಹೊತ್ತಿಗೆ ಎಷ್ಟು ನೀರು ಎಳೆಯುತ್ತಾರೆ ಎಂದು ನೋಡಿ, ಊರಿಗೆ ಎಷ್ಟು ಪೈಪು, ಎಷ್ಟು ಪಂಪು, ಎಷ್ಟು ಟ್ಯಾಂಕು ಬೇಕೆಂದು ಹೇಳುವುದು ಅವನ ಕೆಲಸ. ಆಫೀಸಿನವರು ಅವನನ್ನು ಗೊಂಬೆಗಾರ ಎನ್ನುತ್ತಿದ್ದರು. ಎದುರಿಗೇ ಹಾಗೆನ್ನುತ್ತಿದ್ದರು. ಬೆನ್ನ ಹಿಂದೆ ಏನೆನ್ನುತ್ತಿದ್ದರು ಎಂಬುದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಅವನು ಬರುವ ಮುಂಚೆ ಈ ಲೆಕ್ಕವನ್ನು ದೊಡ್ಡ ಇಂಜಿನಿಯರೇ ಮಾಡುತ್ತಿದ್ದರು. ಊರಿನ ನೀರನ್ನು ಊರಿನ ತಲೆಗಳಿಂದ ಭಾಗಿಸಿದರೆ ಮುಗಿಯಿತು, ಆಮೇಲೆ ಮಧ್ಯಾಹ್ನದ ಜೊಂಪು. ಆ ಲೆಕ್ಕದಲ್ಲಿ ಒಬ್ಬನೇ ಒಬ್ಬ ಸರಾಸರಿ ಮನುಷ್ಯ ಇದ್ದ. ಅವನು ಹಗಲೂ ರಾತ್ರಿ ಒಂದೇ ಸಮನೆ ಚೂರು ಚೂರು ಸ್ನಾನ ಮಾಡುತ್ತಾ, ಚೂರು ಚೂರು ಬಟ್ಟೆ ಒಗೆಯುತ್ತಾ, ನಿದ್ದೆಯಲ್ಲೂ ಬಾಯಿ ಮುಕ್ಕಳಿಸುತ್ತಾ ಇರುತ್ತಿದ್ದ. ಅಂಥವನು ನಿಜವಾಗಿ ರಸ್ತೆಯಲ್ಲಿ ಎದುರಾದರೆ ಜನ ಕಿರುಚಿಕೊಂಡು ಓಡಿಯಾರು. ಆದರೆ ಕಚೇರಿ ಅವನನ್ನು ನಂಬಿ ಬಹಳ ವರ್ಷ ಊರಿಗೆ ನೀರು ಬಿಟ್ಟಿತ್ತು.

ಗೊಂಬೆಗಾರ ಬಂದವನೇ ಸರಾಸರಿ ಮನುಷ್ಯನನ್ನು ಕತ್ತು ಹಿಡಿದು ಆಚೆ ತಳ್ಳಿದ. ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಹುಟ್ಟಿಸಬೇಕು ಎಂದು ಹಟ ಹಿಡಿದು ಮನೆ ಮನೆಗೆ ಹುಡುಗಿಯರನ್ನು ಕಳಿಸಿ ಸರ್ವೆ ಮಾಡಿಸಿದ. ಜನ ಸಾಮಾನ್ಯರೇ? ಕೇಳಿದವರೆಲ್ಲ ಅರ್ಧ ಬಕೆಟ್ಟಿನಲ್ಲಿ ಸ್ನಾನ ಮುಗಿಸುತ್ತೇವೆ ಎಂದರು. ಕಾರು ತೊಳೆಯುವುದೇ ಇಲ್ಲ ಎಂದರು, ಒದ್ದೆ ಕಾರಿನ ಪಕ್ಕದಲ್ಲೇ ನಿಂತು. ಸರ್ವೆಯನ್ನು ನಂಬಿದರೆ ಆ ಊರಿನಲ್ಲಿ ಯಾರೂ ನೀರಿನ ತಂಟೆಗೇ ಹೋಗುತ್ತಿರಲಿಲ್ಲ, ಬಸ್ಸಿನಲ್ಲಿ ಮೂಗು ಮುಚ್ಚಿಕೊಂಡು ಕೂರಬೇಕಾಗಿತ್ತು.

ಆಗ ಅವನು ಒಂದು ಉಪಾಯ ಹೂಡಿದ. ಕಣ್ಣಾರೆ ಕಂಡವರನ್ನೇ ಅಚ್ಚು ಮಾಡಿಕೊಂಡು ಊರು ತುಂಬ ಬಿತ್ತಿದ. ಅವನ ಹೆಂಡತಿ ನಲ್ಲಿ ಬಿಟ್ಟು ಫೋನಿನಲ್ಲಿ ಮಾತಾಡುತ್ತಾ ನಿಲ್ಲುವವಳು. ಅವಳಂಥವರು ನಲವತ್ತು ಸಾವಿರ. ಆಫೀಸಿನ ಪಂಪಿನವನು ವಾರಕ್ಕೆರಡು ಸಲ ಮಾತ್ರ ಮೀಯುವವನು. ಅವನಂಥವರು ಮೂವತ್ತು ಸಾವಿರ. ದೊಡ್ಡ ಇಂಜಿನಿಯರು ರಜೆಯ ದಿನ ಪೈಪು ಹಿಡಿದು ಕಾರಿಗೆ ಅಭ್ಯಂಜನ ಮಾಡಿಸುವುದನ್ನು ಬೇಲಿಯಾಚೆಯಿಂದ ನೋಡಿ ಬಂದು, ಅವರನ್ನೂ ಒಂಬತ್ತು ಸಾವಿರ ಮಾಡಿದ. ಇದು ಅವರಿಗೆ ಗೊತ್ತಿರಲಿಲ್ಲ. ಗೊತ್ತಾಗುವುದೂ ಬೇಡ.

ಊರೆಲ್ಲ ಲೆಕ್ಕಕ್ಕೆ ಸರಿಯಾಗಿ ಕೂತಿತು, ಗುಡ್ಡದ ಮೇಲಿನ ಬಡಾವಣೆ ಒಂದನ್ನು ಬಿಟ್ಟು. ಅಲ್ಲಿಯ ಟ್ಯಾಂಕು ಆಗೊಮ್ಮೆ ಈಗೊಮ್ಮೆ ಒಂದೇ ದಿನದಲ್ಲಿ ತಳ ಕಾಣುತ್ತಿತ್ತು. ಪೈಪು ಒಡೆದಿಲ್ಲ, ಬೆಂಕಿ ಬಿದ್ದಿಲ್ಲ, ಬಿಸಿಲೂ ಹೆಚ್ಚಿಲ್ಲ. ನೀರು ಮಾತ್ರ ಮಾಯ. ಮತ್ತೆ ಪಂಪು ಹೊಡೆದು ತುಂಬಿಸುವಷ್ಟರಲ್ಲಿ ಗುಡ್ಡದ ಜನ ಎರಡು ದಿನ ಮುಖ ಒರೆಸಿಕೊಂಡು ಆಫೀಸಿಗೆ ಹೋಗಬೇಕು. ರಸ್ತೆ ಅಗೆದು ನೋಡಿದರು, ಇನ್ನೊಂದು ರಸ್ತೆ ಅಗೆದರು, ಮೊದಲನೆಯದನ್ನು ಮುಚ್ಚುವುದನ್ನು ಮರೆತರು. ಏನೂ ಸಿಗಲಿಲ್ಲ.

ದೊಡ್ಡ ಇಂಜಿನಿಯರು ಗೊಂಬೆಗಾರನನ್ನು ಕರೆಸಿದರು.

"ನೋಡಪ್ಪಾ, ನಿನ್ನ ಗೊಂಬೆಗಳು ಏನಂತಾವೆ?"

"ಟ್ಯಾಂಕು ಬರಿದಾಗೋಕೆ ಕಾರಣಾನೇ ಇಲ್ಲ ಅಂತಾವೆ ಸಾರ್."

"ನಮ್ಮನೆ ನಾಯೀನೂ ಅದನ್ನೇ ಅನ್ನುತ್ತೆ, ಅದಕ್ಕೆ ನಾನು ಸಂಬಳ ಕೊಡಲ್ಲ. ಮುಂದಿನ ತಿಂಗಳು ಸಾರ್ವಜನಿಕ ಸಭೆ ಇದೆ. ಅಷ್ಟರಲ್ಲಿ ಯಾಕೆ ಬರಿದಾಗ್ತಿದೆ ಅಂತ ನೀನು ಹೇಳ್ಬೇಕು. ಇಲ್ಲಾಂದ್ರೆ ಕಂಪ್ಯೂಟರು ಬಿಲ್ಲಿನ ವಿಭಾಗಕ್ಕೆ, ನೀನು ದೂರಿನ ಕೌಂಟರಿಗೆ."

ದೂರಿನ ಕೌಂಟರು ಎಂದರೆ ಏನೆಂದು ಆ ಕಚೇರಿಯ ಪ್ರತಿಯೊಬ್ಬರಿಗೂ ಗೊತ್ತಿತ್ತು. ಅಲ್ಲಿ ಕೂತವನ ಮೇಲೆ ಇಡೀ ಊರು ಬೆಳಿಗ್ಗೆಯಿಂದ ಸಂಜೆವರೆಗೆ ಉಗಿಯುತ್ತದೆ. ಆದರೆ ಗೊಂಬೆಗಾರ ಹೆದರಿದ್ದು ಅದಕ್ಕಲ್ಲ. ಬಿಲ್ಲಿನವರು ಕಂಪ್ಯೂಟರು ಕೈಗೆ ಬಂದ ದಿನವೇ ಅವನ ನಾಲ್ಕು ಲಕ್ಷ ಜನರನ್ನು ಅಳಿಸಿಹಾಕುತ್ತಾರೆ. ಮೂರು ವರ್ಷ ಒಬ್ಬೊಬ್ಬರನ್ನೂ ತಿದ್ದಿ ತೀಡಿದ್ದ. ಯಾರು ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸುತ್ತಾರೆ, ಯಾರು ನಿಲ್ಲಿಸುವುದಿಲ್ಲ ಎಂಬುದು ಕೂಡ ಅವನಿಗೆ ಗೊತ್ತಿತ್ತು. ಈ ಭೂಮಿಯ ಮೇಲೆ ಅವನ ಮಾತನ್ನು ಚಾಚೂ ತಪ್ಪದೆ ಕೇಳುವ ಜನ ಅಂತ ಇದ್ದರೆ ಅವರೇ.

ಮನೆಯಲ್ಲಂತೂ ಅಂಥ ಭಾಗ್ಯ ಇರಲಿಲ್ಲ. ಅವನು ಮನೆ ಅಳಿಯ. ಇದೇ ಗುಡ್ಡದ ಬಡಾವಣೆಯಲ್ಲಿ, ಹೆಂಡತಿಯ ತಾಯಿಯ ಮನೆಯಲ್ಲಿ ಅವನ ವಾಸ. ಅತ್ತೆ ಅವನ ಜೊತೆ ಮಾತು ಬಿಟ್ಟಿದ್ದಳು ಎನ್ನುವಂತಿಲ್ಲ, ಮಾತು ಹಿಡಿದೇ ಇರಲಿಲ್ಲ. ಏನೇ ಹೇಳುವುದಿದ್ದರೂ ಅವನ ಎದುರಿಗೇ ಮಗಳಿಗೆ ಹೇಳುತ್ತಿದ್ದಳು: "ಅವನಿಗೆ ಹೇಳು, ಚಪ್ಪಲಿ ಒಳಗೆ ತರಬಾರದು ಅಂತ." "ಅವನಿಗೆ ಹೇಳು, ಬಲ್ಬು ಹೋಗಿದೆ ಅಂತ." ನೆಂಟರು ಅಳಿಯನ ಕೆಲಸ ಏನೆಂದು ಕೇಳಿದರೆ, "ಅದೇನೋ ಗೊಂಬೆ ಆಡಿಸ್ತಾನಂತೆ, ಸರ್ಕಾರ ದುಡ್ಡು ಕೊಡುತ್ತೆ" ಎಂದು ಮುಖ ಆಚೆ ತಿರುಗಿಸುತ್ತಿದ್ದಳು. ಈ ಮನೆಯಲ್ಲಿ ತನ್ನ ಮಾತಿಗೆ ಮೂರು ಕಾಸಿನ ಬೆಲೆ ಇಲ್ಲ ಎಂದು ಗೊಂಬೆಗಾರ ಎಂದೋ ತೀರ್ಮಾನಿಸಿಕೊಂಡಿದ್ದ. ಸಂಜೆ ಅಡುಗೆಮನೆಯಲ್ಲಿ ಹೆಂಡತಿಯ ಪಕ್ಕ ಕೂತು ಚಹಾ ಕುಡಿಯುತ್ತಾ ಆಫೀಸಿನ ಸಮಾಚಾರ ಹೇಳುವುದೊಂದೇ ಅವನಿಗಿದ್ದ ಸುಖ. ಅತ್ತೆ ಆ ಹೊತ್ತಿಗೆ ನಡುಮನೆಯಲ್ಲಿ ಗೋಡೆಗೊರಗಿ ಕೂತು ಕಣ್ಣು ಮುಚ್ಚಿರುತ್ತಿದ್ದಳು.

ಸಭೆಗೆ ಇನ್ನು ಎರಡು ವಾರವಿದ್ದಾಗ ಒಂದು ದಿನ ಕನ್ನಡಕ ಮರೆತು, ಬಸ್ಸು ಇಳಿದು ಮನೆಗೆ ವಾಪಸು ಬಂದ. ಬಾಗಿಲು ತೆಗೆದರೆ ನೆಲದ ಮೇಲೆ ಕಾಲಿಡಲು ಜಾಗವಿಲ್ಲ. ಬಕೆಟ್ಟುಗಳು, ಕೊಡಗಳು, ಬೋಗುಣಿಗಳು, ಪ್ರೆಷರ್ ಕುಕ್ಕರು, ಹೂದಾನಿ, ಎಲ್ಲದರಲ್ಲೂ ಕಂಠಪೂರ್ತಿ ನೀರು. ಅವನು ಕಾಲೇಜಿನಲ್ಲಿ ಚದುರಂಗದಲ್ಲಿ ಗೆದ್ದಿದ್ದ ಬೆಳ್ಳಿಬಣ್ಣದ ಬಟ್ಟಲೂ ಅಲ್ಲಿತ್ತು. ಅದರಲ್ಲಿ ಎರಡು ಲೋಟ ಹಿಡಿಯುತ್ತದೆ ಎಂದು ಗೊತ್ತಾದ ಮೇಲೆ ಅತ್ತೆ ಅದನ್ನು ಅಟ್ಟದಿಂದ ಇಳಿಸಿದ್ದಳು. ನಡುವೆ ಸೀರೆ ಎತ್ತಿಕಟ್ಟಿ ನಿಂತಿದ್ದ ಅತ್ತೆ ಕಿಟಕಿಯಿಂದ ಪಕ್ಕದ ಮನೆಯ ದರ್ಜಿಯ ಹೆಂಡತಿಗೆ ಕೂಗಿ ಹೇಳುತ್ತಿದ್ದಳು: "ನೀನೂ ತುಂಬ್ಸಿಟ್ಕೊಳೇ, ಆಮೇಲೆ ನನ್ನ ಕೇಳ್ಬೇಡ!"

ಅಳಿಯನನ್ನು ಕಂಡು ಅವಳೇನೂ ನಾಚಲಿಲ್ಲ. "ಅವನಿಗೆ ಹೇಳು, ಒದೀಬೇಡ ಅಂತ" ಎಂದಳು ಮಗಳಿಗೆ.

"ನೀರು ನಿಲ್ಲುತ್ತೆ ಅಂತ ಯಾರಂದ್ರು?" ಗೊಂಬೆಗಾರ ಹೆಂಡತಿಯನ್ನು ಕೇಳಿದ.

"ಎಲ್ಲಾ ಅಂತಿದಾರೆ" ಎಂದಳು ಹೆಂಡತಿ. ಅವಳ ಫೋನು ಕಿವಿಯಲ್ಲೇ ಇತ್ತು.

ಅಂದೇ ಸಂಜೆ ಟ್ಯಾಂಕು ತಳ ಕಂಡಿತು.

ಗೊಂಬೆಗಾರನಿಗೆ ತಲೆಯಲ್ಲಿ ದೀಪ ಹತ್ತಿತು. ಇಷ್ಟು ದಿನ ಅವನು ಸಾಕಿದ್ದ ಮುದುಕಿಯರೆಲ್ಲ ಬೇಕಾದಾಗ ಬೇಕಾದಷ್ಟು ನೀರು ಬಳಸುವ ಸಾಧು ಪ್ರಾಣಿಗಳು. ಅವರನ್ನೆಲ್ಲ ಅಳಿಸಿ ಅತ್ತೆಯನ್ನೇ ಅಚ್ಚು ಮಾಡಿದ. ನೀರು ನಿಲ್ಲುತ್ತದೆ ಎಂಬ ಸುದ್ದಿ ಕಿವಿಗೆ ಬಿದ್ದರೆ ಮನೆಯಲ್ಲಿರುವ ಪಾತ್ರೆಯನ್ನೆಲ್ಲ ತುಂಬಿಸುವುದು, ಇಬ್ಬರಿಗೆ ಹೇಳುವುದು; ಇವೆರಡೇ ನಿಯಮ. ಆ ಇಬ್ಬರು ಮತ್ತಿಬ್ಬರಿಗೆ. ಊರು ತುಂಬ ಹದಿನೆಂಟು ಸಾವಿರ ಅತ್ತೆಯರು ಎದ್ದು ನಿಂತರು, ಅದರಲ್ಲಿ ಹೆಚ್ಚಿನವರು ಗುಡ್ಡದ ಮೇಲೆ. ಸುದ್ದಿ ಮೊದಲು ಹುಟ್ಟುವುದು ಎಲ್ಲಿ ಎಂಬುದು ಗೊತ್ತಾಗದೆ, ಅದನ್ನು ಕಂಪ್ಯೂಟರಿನ ದಾಳಕ್ಕೆ ಬಿಟ್ಟ: ದಾಳದಲ್ಲಿ ಇಂಥ ಅಂಕಿ ಬಿದ್ದರೆ ಯಾರೋ ಒಬ್ಬ ಅತ್ತೆಯ ಕಿವಿಯಲ್ಲಿ ಸುದ್ದಿ ತಾನಾಗಿ ಹುಟ್ಟುತ್ತದೆ. ಗುಂಡಿ ಒತ್ತಿದ. ಪರದೆಯ ಮೇಲಿನ ಟ್ಯಾಂಕು ನಿಜವಾದ ಟ್ಯಾಂಕಿನ ಹಾಗೆಯೇ, ಯಾವ ಕಾರಣವೂ ಇಲ್ಲದೆ, ಮಧ್ಯಾಹ್ನದಿಂದ ಸಂಜೆಯೊಳಗೆ ಖಾಲಿಯಾಯಿತು. ನೀರು ನಿಲ್ಲುತ್ತದೆ ಎಂದು ನಂಬಿದ್ದರಿಂದಲೇ ನೀರು ನಿಂತಿತ್ತು. ಅವನು ಕುರ್ಚಿಯಿಂದೆದ್ದು ಮೀಟರುಗಳ ರಾಶಿಯ ಸುತ್ತ ಒಂದು ಸುತ್ತು ಕುಣಿದ. ಯಾರೂ ನೋಡಲಿಲ್ಲ.

ಸಭೆಯ ದಿನ ನಗರಪಾಲಿಕೆಯ ಸಭಾಂಗಣ ಕಿಕ್ಕಿರಿದಿತ್ತು. ಹೊಸ ಟ್ಯಾಂಕು ಕೇಳಲೆಂದು ಗುಡ್ಡದ ಜನವೆಲ್ಲ ಬಂದಿದ್ದರು. ಮೂರನೇ ಸಾಲಿನಲ್ಲಿ ಹೆಂಡತಿ, ಪಕ್ಕದಲ್ಲಿ ಮಡಿಲ ಮೇಲೆ ಚೀಲ ಇಟ್ಟುಕೊಂಡು ಅತ್ತೆ. ಅತ್ತೆ ಬರುತ್ತಾಳೆಂದು ಗೊಂಬೆಗಾರ ಕನಸಿನಲ್ಲೂ ಎಣಿಸಿರಲಿಲ್ಲ. ನೀರು ಸಮಿತಿಯ ಅಧ್ಯಕ್ಷೆ ಹಲ್ಲಿನ ಡಾಕ್ಟರಾಗಿ ನಿವೃತ್ತಳಾದವಳು, ಯಾರು ಬಾಯಿ ತೆರೆದರೂ ಒಳಗೆ ಏನು ಹುಳುಕಿದೆ ಎಂದೇ ನೋಡುವವಳು.

ಗೊಂಬೆಗಾರ ಪರದೆಯ ಮೇಲೆ ಊರನ್ನು ತೋರಿಸಿದ. ಚುಕ್ಕಿಗಳು ಎದ್ದವು, ಮಿಂದವು, ಒಗೆದವು. ಆಮೇಲೆ ಗುಡ್ಡದ ಮೇಲೆ ಒಂದು ಚುಕ್ಕಿ ಕೆಂಪಾಯಿತು, ಅದರಿಂದ ಎರಡು, ಎರಡರಿಂದ ನಾಲ್ಕು. ನೋಡನೋಡುತ್ತಿದ್ದಂತೆ ಗುಡ್ಡವೆಲ್ಲ ಕೆಂಪಾಗಿ ಟ್ಯಾಂಕು ಬರಿದಾಯಿತು. ಜನ ಚಪ್ಪಾಳೆ ತಟ್ಟಿದರು. ಅವನಿಗೆ ಜೀವನದಲ್ಲಿ ಮೊದಲ ಸಲ ಚಪ್ಪಾಳೆ ಬಿದ್ದದ್ದು.

ಅಷ್ಟಕ್ಕೇ ನಿಲ್ಲಿಸಬಹುದಾಗಿತ್ತು. ದೊಡ್ಡ ಇಂಜಿನಿಯರು ಉಮೇದಿನಲ್ಲಿ ತಾವೇ ಮೌಸು ಹಿಡಿದು ಮೊದಲ ಕೆಂಪು ಚುಕ್ಕಿಯ ಮೇಲೆ ಒತ್ತಿದರು. ಗೊಂಬೆಯ ಜಾತಕ ಗೋಡೆಯಷ್ಟು ದೊಡ್ಡದಾಗಿ ತೆರೆದುಕೊಂಡಿತು. ಅಚ್ಚುಗಳಿಗೆ ತನಗೆ ತಿಳಿಯಲೆಂದು ಗೊಂಬೆಗಾರ ಹೆಸರಿಟ್ಟಿದ್ದ. ಸಭೆಗೆ ಮುಂಚೆ ಅವನ್ನು ಬದಲಿಸಬೇಕು ಎಂದು ನೆನೆದಿದ್ದ. ಹೆಂಡತಿಯ ಹೆಸರು ಬದಲಿಸಿದ್ದ, ದೊಡ್ಡವರ ಹೆಸರು ಬದಲಿಸಿದ್ದ.

ಬಗೆ: ಅತ್ತೆ. ಸಂಖ್ಯೆ: ಹದಿನೆಂಟು ಸಾವಿರ. ನಲ್ಲಿಯ ಮೇಲೆ ನಂಬಿಕೆ: ಸೊನ್ನೆ. ಬಾಯಿ: ದೊಡ್ಡದು. ಹಟ: ಇನ್ನು ಹೆಚ್ಚಿಸಲು ಬರುವುದಿಲ್ಲ.

ಹೆಂಡತಿ ಹಣೆ ಹಿಡಿದುಕೊಂಡಳು.

"ಯಾರ್ರೀ ಈ ಅತ್ತೆ?" ಎಂದಳು ಅಧ್ಯಕ್ಷೆ.

"ಅದು... ಒಂದು ಮಾದರಿ ಮೇಡಂ. ಕಾಲ್ಪನಿಕ."

"ಅದಿರ್ಲಿ. ಮೊದಲನೇ ಅತ್ತೆಗೆ ಸುದ್ದಿ ಹೇಳೋರು ಯಾರು?"

"ಅಲ್ಲಿ ಒಂದು ದಾಳ ಇದೆ ಮೇಡಂ. ಸುದ್ದಿ ತಾನಾಗೇ ಹುಟ್ಟುತ್ತೆ."

"ಹಲ್ಲುನೋವು ಕೂಡ ತಾನಾಗೇ ಹುಟ್ಟಲ್ಲ, ಸ್ವಾಮಿ. ಯಾರೋ ಹೇಳಿರ್ಬೇಕು. ಯಾರು?"

ಮೂರನೇ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಅತ್ತೆ ಚೀಲವನ್ನು ಮಗಳ ಮಡಿಲಿಗೆ ಹಾಕಿ ಎದ್ದು ನಿಂತಿದ್ದಳು.

"ಆ ಚುಕ್ಕಿ ನಮ್ಮನೇದು. ಆ ಅತ್ತೆ ನಾನೇ. ಬಾಯಿ ವಿಷಯ ಮನೆಗೆ ಹೋದ್ಮೇಲೆ ನೋಡ್ಕೋತೀನಿ. ಸುದ್ದಿ ಇನ್ಯಾರು ಹೇಳ್ತಾರೆ? ಇವನೇ."

"ನಾನಾ?" ಎಂದ ಗೊಂಬೆಗಾರ.

"ನೀರಿನ ಆಫೀಸಿನೋನೇ ಬಂದು ಅಡುಗೆಮನೇಲಿ ಕೂತು ಹೇಳಿದ್ರೆ ನಂಬದೆ ಇರೋಕಾಗುತ್ತಾ? ಪಂಪು ಕೆಮ್ತಾ ಇದೆ ಅಂದ, ತುಂಬ್ಸಿದೆ. ದೊಡ್ಡೋರು ಒಂದು ವಾರ ರಜಾ ಅಂದ, ತುಂಬ್ಸಿದೆ. ಟ್ಯಾಂಕಿಗೆ ಬಣ್ಣ ಹೊಡೀತಾರಂತೆ ಅಂದ, ಬಣ್ಣ ಹೊಡೀಬೇಕಾದ್ರೆ ನೀರು ಬಿಡ್ತಾರಾ ಯಾರಾದ್ರೂ? ತುಂಬ್ಸಿದೆ. ಅವನು ಏನಂದ್ರೂ ನಾನು ಕಿವೀಲಿ ಹಾಕ್ಕೋತೀನಿ. ಓದ್ಕೊಂಡೋನು, ಸುಮ್ಸುಮ್ನೆ ಹೇಳ್ತಾನಾ?"

"ಹೌದಲ್ಲ!" ಹಿಂದಿನಿಂದ ಪಂಪಿನವನು ಕೂಗಿದ. "ಬಣ್ಣ ಹೊಡೆದ ವಾರಾನೇ ಟ್ಯಾಂಕು ಬರಿದಾಗಿದ್ದು! ದೊಡ್ಡೋರು ರಜಾ ಹೋದಾಗ್ಲೂ!"

ಸಭಾಂಗಣ ಗೊಳ್ಳೆಂದಿತು. ದೊಡ್ಡ ಇಂಜಿನಿಯರು ನಕ್ಕು ನಕ್ಕು ಮೇಜಿನ ಮೇಲೆ ತಲೆ ಇಟ್ಟರು. ನಾಲ್ಕು ಲಕ್ಷ ಜನರಲ್ಲಿ ಪಂಪಿನವನಿದ್ದ, ಹೆಂಡತಿಯಿದ್ದಳು, ದೊಡ್ಡವರು ಒಂಬತ್ತು ಸಾವಿರ ಇದ್ದರು. ಸಂಜೆ ಮನೆಗೆ ಹೋಗಿ ಬಾಯಿ ಹರಿಬಿಡುವ ನೀರಿನ ಆಫೀಸಿನ ಅಳಿಯ ಒಬ್ಬನೇ ಇರಲಿಲ್ಲ. ಊರಿನವರನ್ನೆಲ್ಲ ಹುಟ್ಟಿಸಿದವನು ತನ್ನನ್ನು ಹುಟ್ಟಿಸಿಕೊಳ್ಳುವುದನ್ನೇ ಮರೆತಿದ್ದ.

ಗೊಂಬೆಗಾರನಿಗೆ ನಾಚಿಕೆಯಾಯಿತು, ನಿಜ. ಆದರೆ ಆ ನಗುವಿನ ನಡುವೆ ಅವನ ಕಿವಿಯಲ್ಲಿ ಉಳಿದದ್ದು ಬೇರೆಯೇ ಮಾತು. ಓದ್ಕೊಂಡೋನು, ಎಂದಿದ್ದಳು. ಗೋಡೆಗೊರಗಿ ಕಣ್ಣು ಮುಚ್ಚಿದ್ದ ಅತ್ತೆ ಅವನ ಒಂದೊಂದು ಮಾತನ್ನೂ ಕೇಳಿಸಿಕೊಂಡಿದ್ದಳು. ಕೇಳಿಸಿಕೊಂಡಿದ್ದಷ್ಟೇ ಅಲ್ಲ, ಸೊಂಟ ನೋವಿನಲ್ಲೂ ಎದ್ದು ಬಕೆಟ್ಟು ಹೊತ್ತಿದ್ದಳು. ಹೆಂಡತಿಯೇ ಅವನ ಮಾತನ್ನು ಅಷ್ಟು ಗಂಭೀರವಾಗಿ ತೆಗೆದುಕೊಂಡದ್ದಿಲ್ಲ. ಅವನಿಗೆ ಅಲ್ಲೇ ಕೂತು ಅಳಬೇಕೆನಿಸಿತು.

ಆ ನಗೆಗೆ ನಾಚಿ ಹೆಂಡತಿ ಅಷ್ಟರಲ್ಲೇ ತಾಯಿಯನ್ನು ಕರೆದುಕೊಂಡು ಮನೆಗೆ ಹೊರಟುಹೋಗಿದ್ದಳು. ಅಧ್ಯಕ್ಷೆ ನಗಲಿಲ್ಲ. ಹೊಸ ಟ್ಯಾಂಕು ಬೇಡ ಎಂದಳು. ಗೊಂಬೆಗಳ ಲೆಕ್ಕ ಸರಿಯಾಗಿದೆ, ಹಾಗಾಗಿ ಕೋಣೆ ಇರಲಿ ಎಂದಳು. "ಆದ್ರೆ ಒಂದು ಷರತ್ತು. ಇನ್ಮೇಲೆ ಈ ಮನುಷ್ಯ ಮನೇಲಿ ಆಫೀಸಿನ ಒಂದು ಮಾತೂ ಆಡಬಾರದು. ಟ್ಯಾಂಕು ಇನ್ನೊಂದು ಸಲ ಹೀಗೆ ಬರಿದಾಗ್ಲಿ, ಮಾರನೇ ದಿನವೇ ಕೋಣೆಗೆ ಬೀಗ." ಗೊಂಬೆಗಾರ ಎರಡೂ ಕೈ ಮುಗಿದು ಒಪ್ಪಿಕೊಂಡ. ಬಾಯಿ ಮುಚ್ಚಿಕೊಂಡಿರುವುದು ಏನು ಮಹಾ ಕೆಲಸ?

ಸಭೆ ಮುಗಿದದ್ದೇ ಅವನು ನೆಲಮಾಳಿಗೆಗೆ ಓಡಿದ. ದಾಳವನ್ನು ಕಿತ್ತುಹಾಕಿದ. ಆ ಜಾಗದಲ್ಲಿ ಒಂದು ಹೊಸ ಗೊಂಬೆ ಮಾಡಿ ಕೂರಿಸಿದ: ಸಂಜೆ ಮನೆಗೆ ಬರುವುದು, ಚಹಾ ಕುಡಿಯುವುದು, ಹರಟುವುದು. ಹರಟುವ ಸಾಲನ್ನು ಅಳಿಸಿ ಗುಂಡಿ ಒತ್ತಿದ. ಪರದೆಯಲ್ಲಿ ಒಂದು ಇಡೀ ವರ್ಷ ಉರುಳಿಹೋಯಿತು, ಗುಡ್ಡದ ಟ್ಯಾಂಕು ತುಂಬಿ ತುಳುಕುತ್ತಲೇ ಇತ್ತು. ಅತ್ತೆಯರು ಹದಿನೆಂಟು ಸಾವಿರ ಮನೆಗಳಲ್ಲಿ ನೆಮ್ಮದಿಯಾಗಿ ಗೋಡೆಗೊರಗಿ ಕೂತಿದ್ದರು. ಗೊಂಬೆಗಾರ ಕೋಣೆಯ ದೀಪ ಆರಿಸಿ, ಕೀಲಿಯನ್ನು ಜೇಬಿನಲ್ಲಿ ಒಮ್ಮೆ ಮುಟ್ಟಿ ನೋಡಿಕೊಂಡು ಬಸ್ಸು ಹತ್ತಿದ.

ಮನೆಯಲ್ಲಿ ಅವನು ಹೆದರಿದಷ್ಟು ರಂಪವೇನೂ ಆಗಲಿಲ್ಲ. "ಅವನಿಗೆ ಹೇಳು, ನನ್ನ ಬಾಯಿ ದೊಡ್ಡದಾದ್ರೆ ಅವನ ತಲೆ ಚಿಕ್ಕದು ಅಂತ" ಎಂದು ಅತ್ತೆ ಒಂದೇ ಮಾತಿನಲ್ಲಿ ಮುಗಿಸಿ ನಡುಮನೆಗೆ ಹೋಗಿ ಕೂತಳು. ಹೆಂಡತಿ ಚಹಾ ತಂದಿಟ್ಟಳು.

"ನಾವು ಬಂದ್ಬಿಟ್ವಿ. ಆಮೇಲೆ ಏನಾಯ್ತು ಆಫೀಸಲ್ಲಿ?"

ಗೊಂಬೆಗಾರನಿಗೆ ಮಾತು ನಾಲಿಗೆ ತುದಿಗೆ ಬಂದಿತ್ತು. ಲೋಟ ಎತ್ತಿ ಒಂದು ಗುಟುಕು ನುಂಗಿದ.

"ಏನೂ ಇಲ್ಲ."

"ಏನೂ ಇಲ್ವಾ? ದೊಡ್ಡೋರು ಏನಂದ್ರು?"

"ಏನಿಲ್ಲ."

"ಪಂಪು?"

ಅವನು ಲೋಟದೊಳಗೆ ಮುಖ ಹುದುಗಿಸಿದ. ಹೆಂಡತಿ ಸ್ವಲ್ಪ ಹೊತ್ತು ಅವನನ್ನೇ ನೋಡಿ ಸುಮ್ಮನಾದಳು. ಮದುವೆಯಾದಾಗಿನಿಂದ ಆ ಅಡುಗೆಮನೆಯಲ್ಲಿ ಅಂಥ ನಿಶ್ಶಬ್ದ ಆವರಿಸಿದ್ದಿಲ್ಲ. ಸ್ಟೌವಿನ ಮೇಲೆ ಪಾತ್ರೆ ಕುದಿಯುವುದು ಕೇಳುತ್ತಿತ್ತು.

ನಡುಮನೆಯಲ್ಲಿ ಅತ್ತೆ ಕಣ್ಣು ತೆರೆದಳು. ಒಂದು ಗಳಿಗೆ ಕಿವಿಗೊಟ್ಟಳು. ಆಮೇಲೆ ಎದ್ದು ಸೀರೆ ಎತ್ತಿಕಟ್ಟಿ ಬಚ್ಚಲಿಗೆ ಹೋದಳು. ಖಾಲಿ ಬಕೆಟ್ಟಿಗೆ ನೀರು ಬೀಳುವ ಸದ್ದು ಕೇಳಿ ಗೊಂಬೆಗಾರನ ಕೈಯಲ್ಲಿದ್ದ ಚಹಾ ಮೈಮೇಲೆ ಚೆಲ್ಲಿತು. ಅವನು ಬಚ್ಚಲ ಬಾಗಿಲಿಗೆ ಓಡಿದ.

"ಅತ್ತೇ, ನಿಲ್ಲಿಸಿ! ನೀರು ಬೇಕಾದಷ್ಟಿದೆ! ನಾನು ಆಫೀಸಿನೋನು ಹೇಳ್ತಿದೀನಿ, ಯಾವ ತೊಂದರೇನೂ ಇಲ್ಲ!"

ಆಫೀಸಿನವನೊಬ್ಬ ಚಹಾ ಚೆಲ್ಲಿಕೊಂಡ ಅಂಗಿಯಲ್ಲಿ, ಬಿಳಿಚಿದ ಮುಖದಲ್ಲಿ ನಿಂತು ನೀರು ಬೇಕಾದಷ್ಟಿದೆ ಎಂದು ಕೂಗಿದರೆ ಏನಾಗಬೇಕೋ ಅದೇ ಆಯಿತು. ಕಿಟಕಿಯಾಚೆ ದರ್ಜಿಯ ಹೆಂಡತಿ ಒಂದು ಕ್ಷಣ ತಲೆ ತೋರಿಸಿ ಮಾಯವಾದಳು. ಅವಳ ಮನೆಯ ನಲ್ಲಿ ಭೋರೆಂದಿತು. ಅದರಾಚೆ ಮನೆಯದು, ಅದರಾಚೆಯದು. ಗುಡ್ಡದ ಕೆಳಗಿನವರೆಗೂ ಪಾತ್ರೆಗಳ ಸದ್ದು ಇಳಿದುಹೋಯಿತು.

"ಅತ್ತೆ, ನಾನು ಏನೂ ಹೇಳ್ಲೇ ಇಲ್ವಲ್ಲಾ!" ಗೊಂಬೆಗಾರ ಅಳುವ ದನಿಯಲ್ಲಿ ಕೇಳಿದ.

ಅತ್ತೆ ತುಂಬಿದ ಬಕೆಟ್ಟು ಸರಿಸಿ, ಖಾಲಿಯದನ್ನು ಹಿಡಿದು ನೆಟ್ಟಗೆ ಅವನ ಮುಖ ನೋಡಿದಳು. ಮಗಳು ಅಡುಗೆಮನೆಯಲ್ಲೇ ಇದ್ದಳು, ನಡುವೆ ಬೇರೆ ಯಾರೂ ಇರಲಿಲ್ಲ.

"ಅದಕ್ಕೇ ಕಣಪ್ಪಾ" ಎಂದಳು. "ನೀನೇ ಬಾಯಿ ಮುಚ್ಕೊಂಡು ಕೂತಿದ್ದೀಯ ಅಂದ್ರೆ ಅದಿನ್ನೆಂಥಾ ದೊಡ್ಡ ಸುದ್ದಿ ಇರ್ಬೇಕು! ಹಿಡಿ ಇದನ್ನ."

ಬೆಳಗಾದರೆ ಕೀಲಿ ಕೊಡಬೇಕು, ದೂರಿನ ಕೌಂಟರಿನಲ್ಲಿ ಕೂರಬೇಕು. ಅಲ್ಲಿಗೆ ಮೊದಲು ಬರುವವರು ಇದೇ ಬೀದಿಯವರು. ಎಲ್ಲ ಗೊತ್ತಿದ್ದೂ ಗೊಂಬೆಗಾರ ಅಂಗಿಯ ತೋಳು ಮಡಚಿ, ಅತ್ತೆಯ ಕೈಯಿಂದ ಬಕೆಟ್ಟು ಇಸಕೊಂಡು ನಲ್ಲಿಯ ಕೆಳಗೆ ಹಿಡಿದ.